ಮೂರು ಬಣ್ಣ ಮಾರಿದ ದೇವರಸ

ಕಾಡಿಗೂ ಊರಿಗೂ ನಡುವೆ ಬೇಲಿ ಇರದಿದ್ದ ಕಾಲದಲ್ಲಿ ಹೊನ್ನಮೇರು ಎಂಬ ರಾಜ್ಯವಿತ್ತು. ಅಲ್ಲಿನ ಆಸ್ಥಾನ ಚಿತ್ರಕಾರ ದೇವರಸ. ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸಿ ಅವನು ಬರೆದ ಆನೆ ಕುದುರೆಗಳನ್ನು ಜನ ಇಪ್ಪತ್ತು ವರ್ಷ ಹೊಗಳಿದ್ದರು.

ಒಂದು ದಿನ ಸೋಮಲೆ ಎಂಬ ಕುರಿಗಾಹಿ ಹೆಂಗಸು ತಾನು ಬರೆದ ಮೊಲದ ಚಿತ್ರವನ್ನು ರಾಜನಿಗೆ ತಂದುಕೊಟ್ಟಳು. ಅವಳು ಕುಂಚ ಹಿಡಿದರೆ ಕಾಡಿನ ಪ್ರಾಣಿಗಳು ತಾವಾಗಿ ಬಂದು ಎದುರು ನಿಲ್ಲುತ್ತಿದ್ದವು. ರಾಜ ಬೆರಗಾದ. ಜಿಂಕೆ, ನವಿಲು, ಹುಲಿ ಮೂರನ್ನೂ ಇಬ್ಬರೂ ಬರೆಯಬೇಕು, ಗೆದ್ದವರಿಗೆ ಆಸ್ಥಾನದ ಪಟ್ಟ ಎಂದು ಅಪ್ಪಣೆ ಮಾಡಿದ.

ಮೊದಲು ಜಿಂಕೆ. ದೇವರಸ ಒಂದೊಂದು ಕೂದಲನ್ನೂ ಬಿಡದೆ ಬರೆದ. ಅರಮನೆಯ ನಾಯಿ ಅವನ ಜಿಂಕೆಯ ಮುಂದೆ ಆಕಳಿಸಿ ಮಲಗಿತು. ಸೋಮಲೆಯ ಜಿಂಕೆಯನ್ನು ಕಂಡು ಎದ್ದು ಬೊಗಳಿತು. ಸಭೆ ನಕ್ಕಿತು. ದೇವರಸನೂ ನಕ್ಕ, ಆದರೆ ಅಂದು ಅವನಿಗೆ ಅನ್ನ ಇಳಿಯಲಿಲ್ಲ.

ಅವನು ಕಲ್ಲುಗುಡ್ಡದ ಮಾಂತ್ರಿಕ ಭೂತಿಲನ ಬಳಿಗೆ ಹೋದ. ಅವಳ ಚಿತ್ರ ಅಳಿಸಿಹೋಗುವಂತೆ ಮಾಡುತ್ತೇನೆ, ಬದಲಿಗೆ ನಿನ್ನ ಕಣ್ಣು ಕಾಣುವ ಕೆಂಪು ಬಣ್ಣ ಕೊಡು ಎಂದ ಭೂತಿಲ. ದೇವರಸ ಕೊಟ್ಟ. ಮಾಂತ್ರಿಕ ಅದನ್ನು ಭರಣಿಗೆ ತುಂಬಿಕೊಂಡ. ಸೋಮಲೆಯ ಜಿಂಕೆ ಬಿಳಿಚಿ ಮಾಯವಾಯಿತು. ದೇವರಸನಿಗೆ ದಾಸವಾಳ ಬೂದಿಯಂತೆ ಕಂಡಿತು.

ನವಿಲಿನ ಸರದಿಯಲ್ಲೂ ಜನ ಅವಳ ಚಿತ್ರದ ಮುಂದೆಯೇ ಗುಂಪು ಕಟ್ಟಿದರು. ದೇವರಸ ಮತ್ತೆ ಗುಡ್ಡ ಹತ್ತಿ ನೀಲಿಯನ್ನು ಕೊಟ್ಟು ಬಂದ. ನವಿಲು ಅಳಿಸಿಹೋಯಿತು. ಅವನ ಪಾಲಿಗೆ ಆಕಾಶವೂ ಬೂದಿಯಾಯಿತು.

ಮೂರನೆಯದು ಹುಲಿ. ಅವನು ಹಳದಿಯನ್ನೂ ಕೊಟ್ಟುಬಿಟ್ಟ.

ಪಟ್ಟ ತನಗೇ ಎಂದು ಖಾತ್ರಿಯಾದ ಮೇಲೆ ಅವನಿಗೆ ಸೋಮಲೆ ಅಳುವುದನ್ನು ನೋಡಬೇಕೆನಿಸಿತು. ಅವಳ ಹಿಂದೆಯೇ ಕಾಡಿಗೆ ಹೋದ. ಅಲ್ಲಿ ಅವಳು ನೋಡಿ ಬರೆದ ಜಿಂಕೆ, ನವಿಲು, ಹುಲಿ ಮೂರೂ ಕಲ್ಲಾಗಿ ನಿಂತಿದ್ದವು. ಚಿತ್ರದಿಂದ ಬಣ್ಣ ಹೋದಾಗಲೇ ಅವುಗಳ ಜೀವವೂ ಹೋಗಿತ್ತು. ಎರಡು ಮರಿಗಳು ಕಲ್ಲು ಹುಲಿಯ ಹೊಟ್ಟೆಗೆ ಮೂತಿ ಒತ್ತಿ ಹಾಲು ಹುಡುಕುತ್ತಿದ್ದವು.

ಸೋಮಲೆ ಅವನನ್ನು ಕಂಡು ಕಣ್ಣೊರೆಸಿಕೊಂಡಳು. "ದೇವರಸಯ್ಯ, ಪಟ್ಟ ನೀವೇ ಇಟ್ಟುಕೊಳ್ಳಿ. ನೀವು ನನಗಿಂತ ಬಲ್ಲವರು. ಇವಕ್ಕೆ ಜೀವ ಬರಿಸೋ ಬಣ್ಣ ಯಾವುದು, ಅದೊಂದು ಹೇಳಿಕೊಡಿ."

ದೇವರಸ ಅಲ್ಲಿಂದ ನೇರ ಗುಡ್ಡಕ್ಕೆ ಓಡಿದ.

ಭರಣಿಯನ್ನು ಕೊಡು ಎಂದಾಗ ಭೂತಿಲ, ಇವನು ಅದನ್ನು ಒಡೆಯಲಾರ ಎಂದುಕೊಂಡು ನಕ್ಕ. "ತಗೋ. ಅದನ್ನು ಒಡೆಯಲು ಬಣ್ಣ ಕೊಟ್ಟವನಿಗೆ ಮಾತ್ರ ಸಾಧ್ಯ. ಒಡೆದರೆ ಬಣ್ಣವೆಲ್ಲ ಆ ಮೃಗಗಳಿಗೆ ಹೋಗುತ್ತದೆ. ನಿನ್ನದು ನಿನಗೆ ಎಂದಿಗೂ ಸಿಗದು. ಅವಳ ಚಿತ್ರಗಳು ಮರಳುತ್ತವೆ, ಪಟ್ಟ ಅವಳಿಗೆ. ಯೋಚನೆ ಮಾಡು."

ದೇವರಸ ಭರಣಿಯನ್ನು ಕೈಗೆತ್ತಿಕೊಂಡ. ಪಟ್ಟ ಕಟ್ಟಿಕೊಂಡ ಸೋಮಲೆ ಕಣ್ಮುಂದೆ ಬಂದಳು, ಎದೆ ಉರಿಯಿತು. ಆ ಉರಿ ಆರಲಿ ಎಂದು ಅವನು ಕಾಯಲಿಲ್ಲ. ಉರಿಯುತ್ತಿರುವಾಗಲೇ ಭರಣಿಯನ್ನು ಬಂಡೆಗೆ ಅಪ್ಪಳಿಸಿದ.

ಬಣ್ಣಗಳು ಹಕ್ಕಿಗಳ ಹಾಗೆ ಕಾಡಿನತ್ತ ಹಾರಿದವು. ಭೂತಿಲನ ಬಲವೆಲ್ಲ ಅದರಲ್ಲೇ ಇತ್ತು. ಅವನು ಹೊಗೆಯಾಗಿ ಕರಗಿಹೋದ. ಕೆಳಗೆ ಕಾಡಿನಲ್ಲಿ ನವಿಲು ಕೂಗಿತು. ಹುಲಿ ಮರಿಗಳ ಮೈ ನೆಕ್ಕಿತು.

ದೇವರಸ ತುಂಬಿದ ಸಭೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ರಾಜ ಗಡೀಪಾರು ಮಾಡಲು ಹೊರಟಾಗ ಸೋಮಲೆ ತಡೆದಳು. ತನಗೆ ಬಣ್ಣ ಗೊತ್ತು, ಗೆರೆ ಅಷ್ಟು ಗೊತ್ತಿಲ್ಲ, ಅಯ್ಯನವರು ಇದ್ದಿಲಲ್ಲಿ ಗೆರೆ ಬರೆದುಕೊಟ್ಟರೆ ತಾನು ಬಣ್ಣ ತುಂಬುತ್ತೇನೆ ಎಂದು ಕೇಳಿಕೊಂಡಳು. ರಾಜ ಒಪ್ಪಿದ.

ಅಂದಿನಿಂದ ಹೊನ್ನಮೇರಿನ ಗೋಡೆಗೋಡೆಯಲ್ಲೂ ಅವರಿಬ್ಬರ ಪ್ರಾಣಿಗಳು ತುಂಬಿದವು. ದೇವರಸನ ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದರೆ, ಇಲ್ಲ. ಆಗಾಗ ಏಳುತ್ತಿತ್ತು. ಆಗ ಅವನು ಇದ್ದಿಲು ಕೆಳಗಿಟ್ಟು, "ಸೋಮಲೆ, ಇವತ್ತು ನಿನ್ನನ್ನು ಕಂಡರೆ ಆಗುತ್ತಿಲ್ಲ" ಎಂದು ಹೇಳಿಬಿಡುತ್ತಿದ್ದ. ಅವಳು ನಕ್ಕು, ಕುಂಚ ತೊಳೆದು, ಅವನಿಗೊಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು. ಕುಡಿದು ಇಬ್ಬರೂ ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. ಹೀಗೆ ಅವರು ಮುಪ್ಪಾಗುವವರೆಗೂ ಸುಖವಾಗಿದ್ದರು.