ನೀಲಿ ಪೆನ್ಸಿಲಿನ ನಲವತ್ತಮೂರು

ರೈಟರಮ್ಮನ ಡೈರಿಯಲ್ಲಿ ಡಿಸೆಂಬರ್ ಹನ್ನೊಂದರ ಪುಟದಲ್ಲಿ ಒಂದೇ ಸಾಲಿತ್ತು: ‘ಇವತ್ತು ಮೊದಲ ಸಲ ಗಟ್ಟಿಯಾಗಿ ಮಾತಾಡಿದೆ.’ ಬರೆದ ದಿನ ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಈಗ, ಹದಿನಾರು ದಿನ ಕಳೆದ ಮೇಲೆ, ಠಾಣೆಯ ಮೆಟ್ಟಿಲು ಹತ್ತುತ್ತಿದ್ದ ಹೆಂಗಸನ್ನು ಕಿಟಕಿಯಿಂದ ಕಂಡವಳಿಗೆ ಆ ಪುಟವನ್ನು ಹರಿದು ನುಂಗಿಬಿಡಬೇಕು ಅನ್ನಿಸಿತು. ಇವರೇನಾ? ಇವರಾಗಿರದಿದ್ದರೆ ಸಾಕು ಎಂದು ಒಳಗೊಳಗೇ ಬೇಡಿಕೊಂಡಳು.

ಅವರೇ ಆಗಿದ್ದರು. ಇಸ್ತ್ರಿ ಅಂಗಡಿಯ ಅಕ್ಕ.

ರೈಟರಮ್ಮ ಪದವೀಧರೆ, ಕಾನ್‌ಸ್ಟೆಬಲ್ ಆಗಿ ಎರಡು ವರ್ಷ. ಅಕ್ಷರ ಮುತ್ತಿನಂತೆ, ದನಿ ಮಾತ್ರ ಗಂಟಲು ದಾಟದು. ಹಾಗಾಗಿ ಠಾಣೆಯ ಬರವಣಿಗೆಯ ಮೇಜಿಗೆ ಕೂರಿಸಿದ್ದರು. ‘ನಮ್ಮ ರೈಟರಮ್ಮ ಕಳ್ಳನ ಹಿಂದೆ ಓಡಿದ್ರೆ, ದಯವಿಟ್ಟು ನಿಲ್ತೀರಾ ಅಂತ ಚೀಟಿ ಬರೆದು ಕೊಡ್ತಾಳೆ’ ಎಂದು ದಫೇದಾರರು ಎಲ್ಲರೆದುರು ನಗಿಸುತ್ತಿದ್ದರು. ಹನ್ನೊಂದನೇ ತಾರೀಖು ಅಕ್ಕ ಬಂದು, ತಂಗಿಯ ಕಾಗದ ಬಂದಿಲ್ಲ, ಅಂಚೆ ಕಚೇರಿಯವರು ಕೈಯಾಡಿಸಿ ಕಳಿಸಿದರು, ಒಂದು ದೂರು ಬರೆದುಕೊಳ್ಳಿ ಎಂದಿದ್ದರು. ಆಗ ಅವಳಿಗೆ ಅದೆಲ್ಲಿಂದ ಧೈರ್ಯ ಬಂತೋ! ‘ರಜೆ ಕಾಲದಲ್ಲಿ ಎಲ್ಲರ ಟಪಾಲೂ ತಡವೇ. ಪೊಲೀಸರಿಗೆ ಬೇರೆ ಕೆಲಸ ಇಲ್ವಾ? ಹೋಗಿ, ಬರುತ್ತೆ’ ಅಂದುಬಿಟ್ಟಿದ್ದಳು. ಒಳಕೋಣೆಯಿಂದ ದನಿಯಷ್ಟೇ ಕೇಳಿದ ದಫೇದಾರರು, ಯಾರಿಗೆ, ಏನು ಎಂದು ವಿಚಾರಿಸದೆ, ‘ಈಗ ನೀನು ಪೊಲೀಸ್ ಆದೆ ಕಣಮ್ಮ!’ ಎಂದು ಕೂಗಿದ್ದರು.

ದೂರು ಬರೆದುಕೊಂಡಿರಲಿಲ್ಲ. ಅದು ಇಬ್ಬರಿಗೆ ಮಾತ್ರ ಗೊತ್ತು.

27ನೇ ತಾರೀಖು, ಬೆಳಿಗ್ಗೆ 10.20. ಅಕ್ಕ ಇನ್‌ಸ್ಪೆಕ್ಟರ್ ಎದುರಿನ ಕುರ್ಚಿಯ ಅಂಚಿನಲ್ಲಿ ಕೂತರು. ಬಲಗೈಯ ಬೆರಳುಗಳಲ್ಲಿ ಹಳೆಯ ಸುಟ್ಟ ಕಲೆಗಳು.

“ಹೇಳಿ, ಏನಾಯ್ತು?”

“ನನ್ನ ತಂಗಿ ಹೋಗ್ಬಿಟ್ಲು ಸರ್. ಇಪ್ಪತ್ತೆರಡಕ್ಕೆ. ಆಪರೇಷನ್‌ಗೆ ಅಂತ ಒಳಗೆ ಹೋದವಳು ಹೊರಗೆ ಬರಲಿಲ್ಲ.”

“ನೀವು ಅಲ್ಲಿದ್ರಾ?”

“ಗೊತ್ತೇ ಇರಲಿಲ್ಲ. ನಿನ್ನೆ ಅವಳ ಪಕ್ಕದ ಮನೆಯವರು ನನ್ನ ನಂಬರು ಹುಡುಕಿ ಫೋನ್ ಮಾಡಿದ್ರು. ಬಾ ಅಂತ ನಂಗೆ ಕಾಗದ ಬರೆದಿದ್ಲಂತೆ. ಐದನೇ ತಾರೀಖು ಅವರೇ ಕೈಯಾರೆ ಡಬ್ಬಕ್ಕೆ ಹಾಕಿದ್ದಂತೆ.”

“ತಂಗಿ ಫೋನ್ ಮಾಡಬಹುದಿತ್ತಲ್ಲಮ್ಮ?”

“ಫೋನಲ್ಲಿ ನಮ್ಮಿಬ್ಬರಿಗೂ ಎರಡನೇ ಮಾತಿಗೇ ಜಗಳ ಸರ್. ಅದಕ್ಕೇ ಆರು ವರ್ಷದಿಂದ ಬರೀ ಕಾಗದ. ವರ್ಷಕ್ಕೊಂದು, ಈ ರಜೆ ಟೈಮಲ್ಲಿ, ಹತ್ತನೇ ತಾರೀಖಿನೊಳಗೆ. ಒಂದು ವರ್ಷವೂ ತಪ್ಪಿಸಿಲ್ಲ. ಕಾಗದದಲ್ಲಿ ಬೈದ್ರೆ ತಿರುಗಿ ಬೈಯೋಕೆ ಒಂದು ವರ್ಷ ಕಾಯ್ಬೇಕು. ಅಷ್ಟರಲ್ಲಿ ಸಿಟ್ಟು ಇಳಿದಿರುತ್ತೆ.” ಅಕ್ಕ ನಗಲು ಹೋದರು. ಆಗಲಿಲ್ಲ. “ಅಕ್ಕ ಬರ್ತಾಳೆ ಅಂತ ಕೊನೇ ತನಕ ವಾರ್ಡಿನ ಬಾಗಿಲೇ ನೋಡ್ತಿದ್ಲಂತೆ.”

“ಕಾಗದ ಬರಲಿಲ್ಲ ಅಂದಾಗಲೇ ಯಾಕೆ ಇಲ್ಲಿಗೆ ಬರಲಿಲ್ಲ?”

ಅಕ್ಕ ಕತ್ತು ತಿರುಗಿಸಿ ರೈಟರಮ್ಮನನ್ನು ನೋಡಿದರು. ಒಂದೇ ಸಲ. ರೈಟರಮ್ಮನ ಪೆನ್ನು ಕಾಗದದ ಮೇಲೆ ನಿಂತಲ್ಲೇ ಶಾಯಿ ಹರಡಿತು.

“ತಡ ಆಯ್ತು ಸರ್” ಎಂದರು ಅಕ್ಕ.

11.40ಕ್ಕೆ, ಕಾಗದ ತಲುಪದ ಬಗ್ಗೆ, ಎಫ್‌ಐಆರ್ ದಾಖಲಾಯಿತು. ರೈಟರಮ್ಮ ಒಂದಕ್ಷರವೂ ತಪ್ಪಿಲ್ಲದೆ ಬರೆದಳು.

12.45ಕ್ಕೆ ಇನ್‌ಸ್ಪೆಕ್ಟರ್, ದಫೇದಾರರು ಮತ್ತು ರೈಟರಮ್ಮ ಅಂಚೆ ಕಚೇರಿಯಲ್ಲಿದ್ದರು. ಬಾಗಿಲಿಂದ ಒಳಗಿನ ತನಕ ಚೀಲಗಳೇ ಚೀಲಗಳು. ಪೋಸ್ಟ್‌ಮಾಸ್ಟರ್ ಎರಡು ಚೀಲ ಸರಿಸಿ ಕೂರಲು ಜಾಗ ಮಾಡಿದರು.

“ರಜೆ ಬಂತು ಅಂದ್ರೆ ಊರಿಗೆಲ್ಲ ಖುಷಿ, ನಮಗೆ ಸೊಂಟನೋವು ಸರ್. ಸಾದಾ ಕಾಗದಕ್ಕೆ ದಾಖಲೆ ಇರಲ್ಲ. ಬಂದ ದಿನದ ಮುದ್ರೆ ಒತ್ತಿ ಬೀಟಿಗೆ ಹಾಕ್ತೀವಿ.”

“ಇಸ್ತ್ರಿ ಅಂಗಡಿ ಯಾರ ಬೀಟು?”

“ಮೂರನೇದು. ನಮ್ಮ ಹಿರಿಯ ಅಂಚೆಯಣ್ಣನದ್ದು. ಮೂವತ್ತೈದು ವರ್ಷದ ಸರ್ವಿಸು, ಒಂದು ದೂರಿಲ್ಲ. ಸಂಜೆ ಅವರ ಕಟ್ಟು ಕೊಟ್ಟುಬಿಡ್ತೀವಿ, ಮನೇಲೇ ಜೋಡಿಸ್ಕೊಂಡು ಬೆಳಿಗ್ಗೆ ಹಂಚ್ತಾರೆ. ಅವರ ಮನೆಯಿಂದಲೇ ಬೀಟು ಶುರು, ಅದಕ್ಕೆ.”

“ಮನೆಗೆ ಒಯ್ಯೋದು ನಿಯಮದಲ್ಲಿದೆಯಾ?”

ಪೋಸ್ಟ್‌ಮಾಸ್ಟರ್ ಕನ್ನಡಕ ತೆಗೆದು ಒರೆಸತೊಡಗಿದರು. “ಇಲ್ಲ ಸರ್.”

ಮೂರು ಗಂಟೆಗೆ ಇಸ್ತ್ರಿ ಅಂಗಡಿ. ಗೋಡೆಯ ಕೊಕ್ಕೆ ತಂತಿಗೆ ವರ್ಷದ ಬಿಲ್ಲು, ಕಾಗದ, ಲಕೋಟೆಗಳನ್ನೆಲ್ಲ ಚುಚ್ಚಿಟ್ಟಿತ್ತು. ಇನ್‌ಸ್ಪೆಕ್ಟರ್ ತಾರೀಖು ನೋಡುತ್ತಿದ್ದರೆ ರೈಟರಮ್ಮ ಅಕ್ಷರ ನೋಡುತ್ತಿದ್ದಳು. ದಿನವೆಲ್ಲ ಮಾಡುವುದು ಅದನ್ನೇ ತಾನೆ. ನವೆಂಬರ್ ತನಕದ ಪ್ರತಿ ಲಕೋಟೆಯ ಬೆನ್ನಿಗೆ ನೀಲಿ ಪೆನ್ಸಿಲಿನಲ್ಲಿ, ಹೆಬ್ಬೆರಳುದ್ದದ ದಪ್ಪ ಅಂಕಿ: 43. ನವೆಂಬರ್ 28ರ ಮುದ್ರೆಯಿದ್ದ ಬಿಲ್ಲಿನ ಮೇಲೂ ಇತ್ತು. ಡಿಸೆಂಬರಿನಲ್ಲಿ ಬಂದವು ಎರಡೇ, ಎರಡೂ ಹಳದಿ ಲಕೋಟೆಯ ಬಿಲ್ಲುಗಳು. ಅವುಗಳ ಬೆನ್ನು ಖಾಲಿ.

ಅವಳು ಅದನ್ನು ಇನ್‌ಸ್ಪೆಕ್ಟರ್ ಮುಂದೆ ಹಿಡಿದಳು. ಬೆರಳಿಟ್ಟು ತೋರಿಸಿದಳು.

ಪಕ್ಕದ ಚಮ್ಮಾರರ ಅಂಗಡಿಯಲ್ಲಿ 44. ಅದರಾಚೆಯ ಔಷಧಿ ಅಂಗಡಿಯಲ್ಲಿ 45. ಡಿಸೆಂಬರಿನಲ್ಲಿ ಯಾರಿಗೂ ಕೈಬರಹದ ಒಂದು ಕಾಗದವೂ ಬಂದಿರಲಿಲ್ಲ, ಅಂಕಿಯೂ ಇರಲಿಲ್ಲ.

“ನಡೆಯೋ ದಾರಿಯ ಲೆಕ್ಕ ಇದು” ಎಂದರು ದಫೇದಾರರು. “ಅಂಚೆಯಣ್ಣನೇ ಬರ್ಕೊಂಡಿರ್ತಾನೆ.”

ಅಂಚೆ ಕಚೇರಿಯ ಹಾಜರಿ ಪುಸ್ತಕ ತರಿಸಿ ನೋಡಿದರೆ ಅಂಚೆಯಣ್ಣನ ಅಂಕಿಗಳು ಓರೆಯಾಗಿ, ಒಂದರ ಮೇಲೊಂದು ಬಿದ್ದಿದ್ದವು. ಲಕೋಟೆಯ ಅಂಕಿಗಳು ದುಂಡಗೆ, ಶಾಲೆಯ ಹಲಗೆಯ ಮೇಲೆ ಬರೆದ ಹಾಗೆ. ಬೇರೆ ಕೈ.

“ಅವರ ಮನೇಲಿ ಇನ್ಯಾರಿದ್ದಾರೆ?” ಎಂದು ಇನ್‌ಸ್ಪೆಕ್ಟರ್ ಪೋಸ್ಟ್‌ಮಾಸ್ಟರಿಗೆ ಫೋನ್ ಮಾಡಿದರು.

“ಹೆಂಡತಿ ಇದ್ರು ಸರ್. ನವೆಂಬರ್ ಮೂವತ್ತಕ್ಕೆ ತೀರಿಕೊಂಡ್ರು. ಮೂರೇ ದಿನ ರಜೆ ಹಾಕಿದ್ರು ಪಾಪ, ನಾಲ್ಕನೇ ದಿನ ಚೀಲ ಹೊತ್ಕೊಂಡು ಬಂದ್ರು.”

28ನೇ ತಾರೀಖು, ಬೆಳಿಗ್ಗೆ 7 ಗಂಟೆ. ಚಮ್ಮಾರರು ಮತ್ತು ಔಷಧಿ ಅಂಗಡಿಯವರು ಪಂಚರು. ಅಂಚೆಯಣ್ಣ ತಾವೇ ಬಾಗಿಲು ತೆಗೆದರು. ಖಾಕಿ ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿತ್ತು. ಮಾತಾಡುವಾಗ ಎದುರಿನವರ ಮುಖ ನೋಡದೆ ಪಕ್ಕದ ಗೋಡೆ ನೋಡುತ್ತಿದ್ದರು. ನನ್ನ ಹಾಗೇ ನಾಚಿಕೆಯ ಮನುಷ್ಯ ಅಂದುಕೊಂಡಳು ರೈಟರಮ್ಮ.

ಏನೂ ಬಚ್ಚಿಟ್ಟಿರಲಿಲ್ಲ. ಜೋಡಿ ಮಂಚದ ಒಂದು ಬದಿಯಲ್ಲಿ ಹತ್ತೊಂಬತ್ತು ಕಟ್ಟುಗಳು ಸಾಲಾಗಿ ಮಲಗಿದ್ದವು, ದಿನಕ್ಕೊಂದರಂತೆ. ಮೇಲೆ ಒಂದು ಉಣ್ಣೆಯ ಶಾಲು ಹೊದೆಸಿತ್ತು. ಒಂದು ಕಾಗದವನ್ನೂ ಒಡೆದಿರಲಿಲ್ಲ.

“ಯಾಕೆ ಹಂಚಲಿಲ್ಲ?”

“ಕಾಣಲ್ಲ ಸರ್.”

“ಏನು ಕಾಣಲ್ಲ?”

“ಅಕ್ಷರ. ಮೂರು ವರ್ಷ ಆಯ್ತು. ಏನೇ ನೋಡಿದ್ರೂ ನಡುವೆ ಒಂದು ಕಪ್ಪು. ಸುತ್ತ ಕಾಣುತ್ತೆ, ಅದಕ್ಕೇ ಓರೆಯಾಗಿ ನೋಡೋದು. ಕನ್ನಡಕದಿಂದ ಆಗಲ್ಲ ಅಂದ್ರು ಡಾಕ್ಟ್ರು.”

“ಮತ್ತೆ ಇಷ್ಟು ದಿನ?”

“ಸಂಜೆ ಅವಳು ವಿಳಾಸ ಓದ್ತಿದ್ಲು, ನಾನು ಎಷ್ಟನೇ ಮನೆ ಅಂತ ಹೇಳ್ತಿದ್ದೆ. ದೊಡ್ಡದಾಗಿ ಅಂಕಿ ಬರೀತಿದ್ಲು. ಅಷ್ಟು ದೊಡ್ಡದು ಕಾಣುತ್ತೆ ನಂಗೆ. ಬಿಲ್ಲುಗಳು ಬಣ್ಣದಿಂದ, ಕಿಟಕಿ ಇರೋ ಲಕೋಟೆಯಿಂದ ಗೊತ್ತಾಗುತ್ತೆ, ಯಾರನ್ನಾದ್ರೂ ಕೇಳಿ ಹಾಕ್ತಿದ್ದೆ. ಕೈಬರಹ ಮಾತ್ರ...”

“ಕಚೇರಿಯಲ್ಲಿ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಚೀಲ ಕಿತ್ಕೊಳ್ತಿದ್ರು ಸರ್. ಅವಳೂ ಇಲ್ಲ, ಚೀಲವೂ ಇಲ್ಲ ಅಂದ್ರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ? ರಜೆ ಮುಗಿದು ರಶ್ ಕಮ್ಮಿಯಾದ್ಮೇಲೆ ಹೇಗಾದ್ರೂ ಹಂಚಿಬಿಡೋಣ ಅಂದ್ಕೊಂಡೆ. ತಡ ಆದ್ರೂ ಸೇರುತ್ತಲ್ಲ, ಅಂತ.”

ಪಂಚನಾಮೆಗೆ ಒಂದೊಂದು ವಿಳಾಸವೂ ಬೇಕು. ದಫೇದಾರರು ಬರೆಯಲು ಕೂತರು, ರೈಟರಮ್ಮ ಓದಬೇಕಾಯಿತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಸಣ್ಣ ದನಿಯಲ್ಲಿ ಮೊದಲ ಲಕೋಟೆ ಓದಿದಳು.

“ಬ್ಯಾಂಡೇಜ್ ಕಾರ್ಖಾನೆಯ ಹಿಂದೆ, ಮಹಡಿ ಮನೆ.”

“ಹನ್ನೆರಡು” ಎಂದರು ಅಂಚೆಯಣ್ಣ.

ಎಲ್ಲರೂ ತಲೆಯೆತ್ತಿದರು. ಅವರಿಗೆ ಅದರ ಗಮನವೇ ಇರಲಿಲ್ಲ. ಕಣ್ಣು ಮುಚ್ಚಿ, ಮಂಡಿಯ ಮೇಲೆ ಕೈಯಿಟ್ಟು ಮುಂದಿನದಕ್ಕೆ ಕಾಯುತ್ತಿದ್ದರು.

“ನೀರಿನ ಟ್ಯಾಂಕಿನ ಎದುರು, ಎಡಗಡೆ ಬಾಗಿಲು.”

“ಐವತ್ತೊಂದು.”

“ಹೊಲಿಗೆ ತರಗತಿ, ಟೀಚರಿಗೆ.”

“ಏಳು. ಮೆಟ್ಟಿಲ ಹತ್ರ ನಾಯಿ ಇದೆ, ನೋಡ್ಕೊಂಡು.”

ದಫೇದಾರರು ಪೆನ್ನು ಇಟ್ಟು, ಶಾಯಿ ಖಾಲಿ ಎಂದು ಸುಳ್ಳು ಹೇಳಿ ಅಂಗಳಕ್ಕೆ ಹೋದರು. ಮೂಗು ಸೀಟಿದ್ದು ಒಳಗೆ ಕೇಳಿಸಿತು. ಅವರು ಬಂದ ಮೇಲೆ ಮತ್ತೆ ಓದು ನಡೆಯಿತು. ಒಂಬತ್ತನೇ ತಾರೀಖಿನ ಕಟ್ಟಿನ ಮಧ್ಯದಲ್ಲಿ ಒಂದು ಹಸಿರು ಲಕೋಟೆ. ಮೇಲೆ ಎಡಕ್ಕೆ ವಾಲಿದ ಅಕ್ಷರಗಳು.

“ಇಸ್ತ್ರಿ ಅಂಗಡಿ. ಅಕ್ಕನಿಗೆ.”

“ನಲವತ್ತಮೂರು” ಎಂದರು ಅಂಚೆಯಣ್ಣ. ಮುಂದಿನ ವಿಳಾಸ ಬಾರದಿದ್ದಾಗ ಕಣ್ಣು ಬಿಟ್ಟು ಗೋಡೆಯ ಕಡೆ ನೋಡುತ್ತ ಕೇಳಿದರು: “ಅದು ಅರ್ಜೆಂಟಿತ್ತಾ, ತಾಯಿ?”

ಅವಳು ಲಕೋಟೆಯನ್ನು ಬೆಳಕಿಗೆ ಹಿಡಿದಳು. ಬಂದ ದಿನದ ಮುದ್ರೆ ನೋಡುತ್ತಿದ್ದಳು: ಡಿಸೆಂಬರ್ 9. ಅಂದರೆ ಹನ್ನೊಂದನೇ ತಾರೀಖು ಈ ಕಾಗದ ಇದೇ ಮಂಚದ ಮೇಲಿತ್ತು. ಬರೇ ಎರಡು ದಿನದ ಹಿಂದಿನ ಕಟ್ಟಿನಲ್ಲಿ.

ಒಟ್ಟು 612 ಕಾಗದಗಳು ಜಪ್ತಿಯಾದವು. ಕಿಟಕಿಯ ಮೇಲಿದ್ದ ಮೋಟು ನೀಲಿ ಪೆನ್ಸಿಲನ್ನೂ ಇನ್‌ಸ್ಪೆಕ್ಟರ್ ಲಕೋಟೆಗೆ ಹಾಕಿಸಿದರು.

“ಅದೂ ಬೇಕಾ ಸರ್?” ಎಂದರು ಅಂಚೆಯಣ್ಣ.

“ಬೇಕು” ಎಂದ ಇನ್‌ಸ್ಪೆಕ್ಟರ್, ತಡೆದು, “ಕೇಸು ಮುಗಿದ ಮೇಲೆ ವಾಪಸ್ ಕೊಡ್ತೀವಿ” ಅಂದರು.

1.50ಕ್ಕೆ ಬಂಧನ. ಬೀದಿಯಲ್ಲಿ ಜೀಪಿಗೆ ಹತ್ತಿಸುವಾಗ ಯಾರೋ, “ಅಣ್ಣ, ನಮಗೇನಾದ್ರೂ ಬಂದಿದೆಯಾ?” ಎಂದು ಅಭ್ಯಾಸದಂತೆ ಕೇಳಿದರು. ಅಂಚೆಯಣ್ಣ ಇಲ್ಲದ ಚೀಲಕ್ಕೆ ಭುಜದ ಮೇಲೆ ಕೈ ಹಾಕಿ, ಕೈ ಇಳಿಸಿದರು.

ನಾಲ್ಕು ಗಂಟೆಗೆ ಅಕ್ಕನನ್ನು ಠಾಣೆಗೆ ಕರೆಸಿದರು. ಲಕೋಟೆಯನ್ನು ಗುರುತಿಸಲು ಹೇಳಿ, ಅವರಿಂದಲೇ ಒಡೆಸಿದರು. ಅಕ್ಕ ಎರಡು ಸಲ ಓದಿ ಮೇಜಿನ ಮೇಲಿಟ್ಟರು. ದಾಖಲೆಗೆ ಸೇರಿಸುವಾಗ ರೈಟರಮ್ಮನ ಕಣ್ಣಿಗೆ ಬಿದ್ದದ್ದು ಮೂರೇ ಸಾಲು: ‘ಇಪ್ಪತ್ತೆರಡಕ್ಕೆ ಆಪರೇಷನ್. ನಂಗೆ ಭಯ ಆಗ್ತಿದೆ. ಜಗಳ ಆಡೋಕಾದ್ರೂ ಬಾ ಅಕ್ಕ.’ ಬಸ್ಸಿನಲ್ಲಿ ಹೋದರೆ ಅದು ಒಂದು ದಿನದ ದಾರಿ. ಹನ್ನೊಂದರಿಂದ ಇಪ್ಪತ್ತೆರಡಕ್ಕೆ ಹನ್ನೊಂದು ದಿನವಿತ್ತು.

ಅಕ್ಕ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು. ಲಾಕಪ್ಪಿನ ಕಂಬಿಯಾಚೆ ಅಂಚೆಯಣ್ಣ ಕಣ್ಣು ಮುಚ್ಚಿ ಕೂತಿದ್ದರು. ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆಸಿ ಹೇಳತೊಡಗಿದರು.

“ಬರ್ಕೊಳಮ್ಮ. ‘ಆರೋಪಿಯು ತನ್ನ ದೃಷ್ಟಿದೋಷವನ್ನು ಇಲಾಖೆಯಿಂದ ಮರೆಮಾಚಿ, ಪತ್ನಿಯ ಮರಣಾನಂತರ ಓದಿ ಹೇಳುವವರಿಲ್ಲದೆ, ಕೆಲಸ ಕೈತಪ್ಪುವ ಭಯದಿಂದ ಕಾಗದಗಳನ್ನು ತನ್ನಲ್ಲೇ ಇರಿಸಿಕೊಂಡಿರುತ್ತಾನೆ. ಸ್ವಂತ ಲಾಭದ ಉದ್ದೇಶ ಕಂಡುಬಂದಿರುವುದಿಲ್ಲ.’ ಆಯ್ತಾ? ಮುಂದೆ. ‘ಪಿರ್ಯಾದಿಯು ದಿನಾಂಕ 27ರಂದು ಮೊದಲ ಬಾರಿಗೆ ಠಾಣೆಗೆ ಹಾಜರಾಗಿ...’”

ರೈಟರಮ್ಮ ‘ಮೊದಲ’ ಎಂದು ಬರೆದಳು. ಮುಂದೆ ಕೈ ಓಡಲಿಲ್ಲ.

“ಏನಾಯ್ತಮ್ಮ? ಬಾರಿಗೆ. ಮೊದಲ ಬಾರಿಗೆ.”

ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಉರುಳಿತು. ದಫೇದಾರರು ತಲೆಯೆತ್ತಿದರು, ಬೆಂಚಿನ ಮೇಲಿನ ಅಕ್ಕ ಬೇಡ ಎನ್ನುವಂತೆ ಮೆಲ್ಲಗೆ ಕೈ ಆಡಿಸಿದರು. ರೈಟರಮ್ಮ ಗೋಡೆ ನೋಡಲಿಲ್ಲ, ನೆಲ ನೋಡಲಿಲ್ಲ. ನೇರ ಅಕ್ಕನ ಮುಖ ನೋಡಿ, ಇಡೀ ಠಾಣೆಗೆ ಕೇಳುವ ಹಾಗೆ ಹೇಳಿದಳು:

“ಅವರು ಹನ್ನೊಂದನೇ ತಾರೀಖೇ ಬಂದಿದ್ರು ಸರ್. ನಾನೇ ಬರ್ಕೊಳ್ದೆ ವಾಪಸ್ ಕಳಿಸಿದೆ.”