ಪಾರ್ಕಿನಲ್ಲಿ ಸುಲಿದ ಮರಗಳು

ಬೆಳಗಿನ ವಾಕಿಂಗಿಗೆ ಬಂದ ಚೌಡಯ್ಯನವರು ಪಾರ್ಕಿನ ಗೇಟಿನಲ್ಲೇ ನಿಂತುಬಿಟ್ಟರು. ಒಂದು ಬದಿಯ ಬೇಲಿಯುದ್ದಕ್ಕೂ ಬೆಳೆದಿದ್ದ ಕೋನೋಕಾರ್ಪಸ್ ಮರಗಳ ಬುಡದಲ್ಲಿ ಸುತ್ತಲೂ ತೊಗಟೆ ಹೋಗಿತ್ತು. ಯಾರೋ ಮಚ್ಚಿನಿಂದ ಸುಲಿದಿದ್ದರು. ಇನ್ನು ಅವು ಒಣಗುವುದು ಗ್ಯಾರಂಟಿ.

ಚೌಡಯ್ಯ ಪಾರ್ಕು ಸಮಿತಿಯ ಅಧ್ಯಕ್ಷರು. ಮಂಡ್ಯದ ಆ ಬಡಾವಣೆಯಲ್ಲಿ ಅವರ ಬಾಯಿಗೆ ಹೆದರದವರಿಲ್ಲ. ಅವತ್ತು ಮಾತ್ರ ಪಾಪ, ಕಣ್ಣಲ್ಲಿ ನೀರಿತ್ತು.

"ಮಕ್ಳಂಗ್ ಸಾಕಿದ್ ಮರ ಕಣಮ್ಮ," ಎಂದರು ಸಬ್ ಇನ್‌ಸ್ಪೆಕ್ಟರ್ ವೀಣ ಬಂದಾಗ. "ನನ್ ದೋಸ್ತು ನಿಂಗಯ್ಯ ಉಸ್ರು ಕಟ್ಕೊಂಡು ಮನೇಲಿ ಬಿದ್ದವ್ನೆ. ಇಲ್ಲಿ ನೆಳ್ಳಲ್ಲಿ ಕೂತ್ರೆ ಉಸಾರಾಯ್ತಾನೆ ಅಂತಿದ್ದೆ. ಯಾವ್ ಪಾಪಿ ಇಂಗ್ ಮಾಡುದ್ನೋ!"

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನ್ ಬಂತು? ಬಟ್ಟೆ ಅಂಗ್ಡಿ ರಘುನಂದನ್ನೇ. ಬೋರ್ಡು ಕಾಣಲ್ಲ ಅಂತ ವಟಗುಟ್ತಾನೇ ಇದ್ದ."

ವೀಣ ಬಗ್ಗಿ ಮೊದಲ ಮರದ ಬುಡ ನೋಡಿದರು. ಒಂದು ವೀಳ್ಯದೆಲೆ. ಅದರ ಮೇಲೆ ಚೂರು ಬೆಲ್ಲ, ಚಿಟಿಕೆ ಅರಿಶಿನ. ಬೆಲ್ಲಕ್ಕೆ ಇರುವೆ ಮುತ್ತಿತ್ತು. ಪಕ್ಕದ ಮರದ ಬುಡದಲ್ಲೂ ಹಾಗೇ. ಅದರಾಚೆಯದರಲ್ಲೂ ಹಾಗೇ.

* * *

ರಘುನಂದನ್ ಅಂಗಡಿಯ ಷಟರ್ ಎತ್ತುತ್ತಿದ್ದ. ಪೊಲೀಸರನ್ನು ಕಂಡು ಅರ್ಧಕ್ಕೇ ಬಿಟ್ಟ.

"ವಟಗುಟ್ಟಿದ್ದು ನಿಜ ಮೇಡಂ. ಆದ್ರೆ ನನ್ ಬೋರ್ಡು ಮುಚ್ಚಿರೋದು ಈ ಹೊಂಗೆ ಮರಗಳು. ನೋಡಿ, ಒಂದು ಗೀರಾದ್ರೂ ಬಿದ್ದಿದ್ಯಾ?"

ಬಿದ್ದಿರಲಿಲ್ಲ. ಹೊಂಗೆ ಚೆನ್ನಾಗಿತ್ತು. ಬೇವೂ ಚೆನ್ನಾಗಿತ್ತು. ಸುಲಿದದ್ದು ಕೋನೋಕಾರ್ಪಸ್ ಮಾತ್ರ, ಅದೂ ಹೂ ತುಂಬಿ ನಿಂತಿದ್ದಾಗ. ಆ ಮರಗಳಿದ್ದದ್ದು ಅಂಗಡಿಯ ಕಡೆಯಲ್ಲ, ಆಚೆ ಬದಿಯ ಸಾಲು ಮನೆಗಳ ಕಡೆ.

ವೀಣ ಅತ್ತ ನಡೆದರು. ಮಾರ್ಚ್ ತಿಂಗಳ ಸೆಕೆ. ಎಲ್ಲರ ಕಿಟಕಿಯೂ ತೆರೆದಿತ್ತು. ಒಂದು ಮನೆಯದು ಮಾತ್ರ ಭದ್ರವಾಗಿ ಮುಚ್ಚಿತ್ತು. ಸಂದಿಗೆ ಒದ್ದೆ ಬಟ್ಟೆ ತುರುಕಿದ್ದರು.

"ಅದು ಯಾರ ಮನೆ?"

"ನಮ್ ನಿಂಗಯ್ಯಂದೇ," ಎಂದರು ಹಿಂದೆಯೇ ಬಂದ ಚೌಡಯ್ಯ.

* * *

ನಿಂಗಯ್ಯನ ಹೆಂಡತಿ ಅಂಕಮ್ಮ ಬಾಗಿಲು ತೆಗೆದರು. ಒಳಗೆ ಮಂಚದ ಮೇಲೆ ನಿಂಗಯ್ಯ ದಿಂಬಿಗೆ ಒರಗಿ ಏದುಸಿರು ಬಿಡುತ್ತಿದ್ದರು.

"ಅವ್ವಾ, ಮರ ಕಡಿಯೋ ಮುಂಚೆ ಬೆಲ್ಲ ಇಟ್ಟು ಕೈಮುಗೀತಾರಂತೆ. ಯಾವ ಕಡೆ ಪದ್ಧತಿ ಅದು?"

"ನಮ್ಮೂರು ಪೂರಿಗಾಲೀಲಿ ನಮ್ಮಪ್ಪ ಅಂಗೇ ಮಾಡೋನು ಕಣವ್ವ. ಜೀವ ಇರೋದಲ್ವಾ, ತಪ್ಪಾಯ್ತು ಅಂತ ಕೇಳ್ಕೊಬೇಕು..." ಅಂಕಮ್ಮ ಅಲ್ಲಿಗೇ ನಿಲ್ಲಿಸಿದರು. ಮೆಲ್ಲಗೆ ಗೋಡೆ ಹಿಡಿದು ನೆಲಕ್ಕೆ ಕೂತರು.

"ನೀನಾ?" ಎಂದರು ಹಿಂದೆಯೇ ಒಳಗೆ ಬಂದಿದ್ದ ಚೌಡಯ್ಯ.

"ಅಂಗಡಿಯವರು ಆಳು ಕರೆಸಿದ್ರೆ ಅವನು ಕಡಿದು ಹೋಗ್ತಿದ್ದ," ಎಂದರು ವೀಣ. "ಒಂದೊಂದು ಮರಕ್ಕೂ ಬೆಲ್ಲ ಇಡ್ತಾ ಕೂರ್ತಿರಲಿಲ್ಲ. ಮಾಡಿದವರಿಗೆ ಮರ ಅಂದ್ರೆ ಭಯಭಕ್ತಿ ಇದೆ. ಆದ್ರೂ ಈ ಒಂದು ಜಾತಿ ಮಾತ್ರ ಬೇಡವಾಗಿದೆ. ಯಾಕೆ ಅಂತ ಆ ಕಿಟಕಿ ಹೇಳ್ತು."

"ಅದು ಊ ಬುಟ್ಟಾಗೆಲ್ಲ ಇವ್ರಿಗೆ ಉಸ್ರು ಕಟ್ತದೆ," ಅಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಊವಿನ್ ದೂಳು ಇವ್ರಿಗಾಗಲ್ಲ ಅಂತ ಡಾಕ್ಟ್ರೇ ಯೋಳುದ್ರು. ನಾನೇನ್ ಮರದ್ ವೈರಿಯಾ? ಪಾರ್ಕಿಲ್ದಿದ್ರೆ ಈ ಬಿಸ್ಲಲ್ಲಿ ಬೀದಿ ಬೀದಿನೇ ಬೆಂದೋಯ್ತದೆ. ಹೊಂಗೆನ ಮುಟ್ಲಿಲ್ಲ, ಬೇವ್ನ ಮುಟ್ಲಿಲ್ಲ. ನನ್ ಗಂಡ ಉಳೀಲಿ ಅಂತ ಆ ಮರಗೋಳ್ನ ಮಾತ್ರ ಸುಲಿದೆ."

"ಆ ಗಿಡಗೋಳ್ನ ತರ್ಸಿದ್ದು ನಾನೇ," ಎಂದರು ಚೌಡಯ್ಯ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಆ ಬಡಾವಣೆ ಕೇಳಿರಲಿಲ್ಲ. "ದನ ಬಾಯಾಕಲ್ಲ, ಬೇಗ್ ಬೆಳೀತದೆ ಅಂದ್ರು. ಅಷ್ಟೇ ನೋಡ್ದೆ."

ವೀಣಗೂ ಮನಸ್ಸು ಭಾರವಾಯಿತು. ಆದರೂ ಹೇಳಲೇಬೇಕಿತ್ತು. "ಸಾರ್ವಜನಿಕ ಮರ ಅವ್ವಾ. ಕೇಸು ಹಾಕ್ದೇ ಬಿಡೋಕಾಗಲ್ಲ, ದಂಡ ಬೀಳುತ್ತೆ. ಆದ್ರೆ ಡಾಕ್ಟ್ರು ಹೇಳಿದ್ದನ್ನ ನಾನೂ ನಗರಸಭೆಗೆ ತಿಳಿಸ್ತೀನಿ. ಆ ಜಾಗಕ್ಕೆ ಬೇರೆ ಗಿಡ ಕೇಳೋಣ."

ಅಂಕಮ್ಮ ತಲೆಯಾಡಿಸಿದರು. ಚೌಡಯ್ಯ ಮೊಣಕಾಲು ಹಿಡಿದುಕೊಂಡು ಅವರೆದುರಿಗೆ ನೆಲದ ಮೇಲೇ ಕೂತರು.

"ಮೊದ್ಲೇ ನಂಗೊಂದ್ ಮಾತು ಯೋಳಕೇನಾಗಿತ್ತು ಕಣಮ್ಮ?"

"ನೀವು ಆಸೆಪಟ್ಟು ಬೆಳ್ಸಿದ್ ಮರ. ಕಡೀರಿ ಅಂದ್ರೆ ನಿಮ್ಮಿಬ್ರು ದೋಸ್ತಿ ಕೆಡ್ತದೆ ಅಂತ ಎದ್ರುಕೊಂಡೆ ಕಣಣ್ಣ."

ಚೌಡಯ್ಯ ಮಂಚದ ಕಡೆ ನೋಡಿದರು.

"ಅವ್ನ್ ಉಸ್ರೇ ನಿಂತೋಗಿದ್ರೆ, ದೋಸ್ತಿನ ನಾನ್ ಯಾರ್ ಜೊತೆ ಮಾಡ್ಲಿ?"