ಒಣ ಕಾಲುವೆಯ ಮೊದಲ ಓಟ

ಶಹಾಪುರದ ನೀರು ಹಂಚಿಕೆ ಕಚೇರಿಯಲ್ಲಿ ಆ ಬೆಳಿಗ್ಗೆ ಕೊಲೆಯಾಗಿರಲಿಲ್ಲ. ಕಳವೂ ಆಗಿರಲಿಲ್ಲ. ಆದರೆ ಖುರ್ಷೀದಬೇಗಂ ಅವರ ಮುಖ ನೋಡಿದರೆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅನ್ನಿಸುತ್ತಿತ್ತು.

"ನಿನ್ನಿ ಕಣ್ಣು ಮುಚ್ಚಿ ತೆಗಿಯೋದ್ರಾಗ ಉತ್ತರ ಕೊಡ್ತಿತ್ರಿ," ಎಂದರು. "ಇವತ್ತು ಚಾ ಕುಡ್ದು ಬಂದ್ರೂ ಇನ್ನಾ ಹುಡುಕಾಕತ್ತದ."

ಯಾದಗಿರಿ ಜಿಲ್ಲೆಯಾದ ಹೊಸತು. ಯಾವ ಹೊಲಕ್ಕೆ ಯಾವಾಗ ಕಾಲುವೆ ನೀರಿನ ಪಾಳಿ ಎಂಬುದನ್ನೆಲ್ಲ ಕಂಪ್ಯೂಟರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಕಣದಲ್ಲಿ ಎರಡು ಡೇಟಾಬೇಸ್‌ಗಳಿದ್ದವು. ಒಂದನ್ನು ಬೇಗ ಉತ್ತರ ಕೊಡುವಂತೆ ಹದ ಮಾಡಿದವರು ಖುರ್ಷೀದಬೇಗಂ. ಇನ್ನೊಂದನ್ನು, ಬೇರೆ ಕಂಪನಿಯ ಪರವಾಗಿ, ಜಗದೇವಪ್ಪ. ಅಂದು ಮಧ್ಯಾಹ್ನ ಆಯ್ಕೆ ಸಮಿತಿಯವರ ಎದುರು ಕೊನೆಯ ಪಂದ್ಯ. ಯಾವುದು ಬೇಗ ಉತ್ತರ ಕೊಡುತ್ತದೋ ಅದಕ್ಕೆ ಕೆಲಸ. ಸುರಪುರದ ಪತ್ರಿಕೆಯೊಂದರ ವರದಿಗಾರನಾದ ನಾನು ಬಂದದ್ದು ಅದಕ್ಕಾಗಿಯೇ.

ಎಸ್ಸೈ ಮಲ್ಲಿಕಮ್ಮ ಜೀಪಿನಿಂದ ಇಳಿದರು. ಗುಲಬರ್ಗಾದಲ್ಲಿ ಕಂಪ್ಯೂಟರ್ ಓದಿ ಪೊಲೀಸ್ ಸೇರಿದವರು. ಮಾತು ಕಡಿಮೆ. ನಾನು ಅವರ ಅಭಿಮಾನಿ, ಮುಚ್ಚುಮರೆ ಏನಿಲ್ಲ.

"ಏನು ಕಳದದ?"

"ಒಂದು ಇಂಡೆಕ್ಸ್ ಅಳಿಸ್ಯಾರ್ರಿ. ಪುಸ್ತಕದ ಹಿಂದ ಯಾವ ಮಾತು ಯಾವ ಪುಟದಾಗ ಅಂತ ಇರ್ತದಲ್ಲ, ಹಂಗ. ಅದಿಲ್ಲಂದ್ರ ಇಡೀ ಪುಸ್ತಕ ತಿರುವಬೇಕು."

"ಯಾರ ಹೆಸರಿಲೆ ಅಳಿಸ್ಯಾರ?"

ಖುರ್ಷೀದಬೇಗಂ ತಲೆ ತಗ್ಗಿಸಿದರು. "ನನ್ನ ಹೆಸರಿಲೆ, ನನ್ನ ಪಾಸ್‌ವರ್ಡಿಲೆ."

ಪಂದ್ಯ ಸೋತರೆ ಒಂದು ಕೆಲಸ ಹೋಗುತ್ತಿತ್ತು. ಈಗ ಮಾನವೂ ಹೋಗುವ ಹಾಗಿತ್ತು.

\*\*\*

ಮೊದಲು ಅನುಮಾನ ಬಿದ್ದದ್ದು ಕಚೇರಿಯ ಸಾಹೇಬರಾದ ಖಂಡಪ್ಪನವರ ಮೇಲೆ. ಇಬ್ಬರ ಪಾಸ್‌ವರ್ಡೂ ಅವರ ಕಪಾಟಿನಲ್ಲಿ ಮುಚ್ಚಿದ ಲಕೋಟೆಯಲ್ಲಿದ್ದವು. ಲಕೋಟೆ ಹರಿದಿತ್ತು.

"ನಾನಾ ಹರದೀನ್ರಿ," ಎಂದು ಬೆವರು ಒರೆಸಿಕೊಂಡರು. "ಕೆಂಭಾವಿ ಕಡೆ ನಮ್ಮ ಅಳಿಯಂದು ಹೊಲ ಅದ. ಪಾಳಿ ಯಾವಾಗ ಅಂತ ಕದ್ದು ನೋಡಿದ್ನಿ. ಅಷ್ಟಾ ರಿ."

ಮಲ್ಲಿಕಮ್ಮ ಮಷೀನಿನ ದಾಖಲೆ ತೆಗೆದು ಓದಿದರು. ನಾನೂ ಇಣುಕಿದೆ. ಹಿಂದಿನ ಸಂಜೆ ಕಚೇರಿ ಬಿಟ್ಟ ಮೇಲೆ ಯಾರೋ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ್ದರು. ಆಮೇಲೆ ಇಂಡೆಕ್ಸ್ ಅಳಿಸಿದ್ದರು. ಮತ್ತೆ ಅದೇ ಪ್ರಶ್ನೆ, ನಾಲ್ಕು ಸಲ.

"ಸಾಹೇಬ್ರ, ನೀವು ಹೋಗ್ರಿ," ಎಂದರು ಮಲ್ಲಿಕಮ್ಮ. "ಇದು ನಿಮ್ಮ ಕೆಲಸ ಅಲ್ಲ."

ಖಂಡಪ್ಪ ಬದುಕಿದೆಯಾ ಬಡಜೀವವೇ ಎಂದು ಹೊರಟರು. ಪಕ್ಕದ ಮೇಜಿನಲ್ಲಿ ಕುಳಿತಿದ್ದ ಜಗದೇವಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ನೋಡ್ರಿ ಮೇಡಂ, ಹೇಳಬಾರದು. ಬದಲಿ ಮಾಡೋಕಿಂತ ಮೊದಲೊಮ್ಮಿ ವೇಗ ಅಳತಿ ಮಾಡೋದು, ಆಮ್ಯಾಲೊಮ್ಮಿ ಅಳತಿ ಮಾಡೋದು, ಇದು ಹದ ಮಾಡೋರ ಪದ್ಧತಿ. ಖುರ್ಷೀದ ಮೇಡಂ ಕಡೀ ಗಳಿಗ್ಯಾಗ ಏನೋ ಮಾಡಾಕ ಹೋಗಿ ಕೆಡಿಸಿಕೊಂಡಾರ. ಒಪ್ಪಿಕೊಳ್ಳಾಕ ನಾಚಿಕಿ."

ಮಾತಿನಲ್ಲಿ ಹುರುಳಿತ್ತು. ನನಗೂ ಹಾಗೇ ಅನ್ನಿಸಿತು. ಕಾವಲುಗಾರ ಮರಿಲಿಂಗಪ್ಪನನ್ನು ಕೇಳಿದರೆ ಸಂಜೆ ಇಬ್ಬರೂ ಮರಳಿ ಬಂದಿದ್ದರಂತೆ. ಖುರ್ಷೀದಬೇಗಂ ಮರೆತ ಕನ್ನಡಕಕ್ಕೆ, ಜಗದೇವಪ್ಪ ಊಟದ ಡಬ್ಬಿಗೆ.

\*\*\*

"ಇಬ್ಬರೂ ನಿಮ್ಮ ನಿಮ್ಮ ಮಷೀನಿನಾಗ ಒಂದು ಪ್ರಶ್ನಿ ಕೇಳಿ ವೇಗ ಅಳದು ತೋರಿಸ್ರಿ," ಎಂದರು ಮಲ್ಲಿಕಮ್ಮ. "ದಿನಾ ಹ್ಯಾಂಗ ಅಳಿತೀರಿ, ಹಂಗಾ."

ಜಗದೇವಪ್ಪ ಚುರುಕಾಗಿ ಕುಳಿತರು. ಪ್ರಶ್ನೆ ಕೇಳಿದರು, ಬಂದ ವೇಗವನ್ನು ಬರೆದುಕೊಳ್ಳಲಿಲ್ಲ. ಅದನ್ನೇ ಇನ್ನೂ ಮೂರು ಸಲ ಕೇಳಿ, ಆ ಮೂರನ್ನಷ್ಟೇ ಚೀಟಿಯಲ್ಲಿ ಬರೆದುಕೊಂಡರು.

"ಮೊದಲನೇದು ಯಾಕ ಬಿಟ್ರಿ?"

"ಒಮ್ಮಿ ಓದಿದ್ದು ಮಷೀನಿನ ನೆನಪಿನಾಗ ಉಳಿತದ್ರಿ. ಕಾಲುವಿ ನೆನದ ಮ್ಯಾಲೇ ಖರೇ ವೇಗ ತಿಳಿತದ. ಎಲ್ಲಾರೂ ಹಿಂಗಾ ಮಾಡ್ತಾರ."

ಖುರ್ಷೀದಬೇಗಂ ಮೊದಲು ಮಷೀನನ್ನೇ ಬಂದ್ ಮಾಡಿದರು. ಮತ್ತೆ ಚಾಲೂ ಮಾಡಿ, ಒಂದೇ ಸಲ ಕೇಳಿ, ಅದನ್ನು ಬರೆದುಕೊಂಡರು. ಎರಡನೇ ಅಳತೆಗೆ ಮತ್ತೆ ಬಂದ್, ಮತ್ತೆ ಚಾಲೂ. ನೋಡುವವರಿಗೆ ತಾಳ್ಮೆ ಬೇಕು.

"ಇದೇನು?"

"ಬಂದ್ ಮಾಡಿದ್ರ ಮಷೀನಿನ ನೆನಪು ಒಣಗ್ತದ್ರಿ. ಒಣ ಕಾಲುವಿಗೆ ಬಿಟ್ಟ ಮೊದಲ ನೀರು ಅರ್ಧ ಮಣ್ಣಾ ಕುಡಿತದ. ಆದ್ರ ತುದೀ ರೈತ ದಾರಿ ಕಾಯೋದು ಆ ನೀರಿಗೇನಾ. ಕರೆಂಟ್ ಹೋಗಿ ಬಂದ ಕೂಡ್ಲೆ ಆತ ಬಂದು ಕೇಳಿದ್ರ ಎಷ್ಟೊತ್ತು ನಿಲ್ಲಿಸ್ತೀವಿ? ನನಗ ಆ ಅಳತಿ ಬೇಕು. ಎಂದೂ ತಪ್ಪಿಸಿಲ್ಲ."

ಮಲ್ಲಿಕಮ್ಮ ಎದ್ದು ನಿಂತರು.

"ಖುರ್ಷೀದ ಮೇಡಂ ಈಗ ಬಂದ್ ಮಾಡೋಕಿಂತ ಮೊದಲಾ ನಾ ಒಂದು ನೋಡಿಟ್ಟುಕೊಂಡಿದ್ನಿ. ಆ ಮಷೀನು ನಿನ್ನಿ ಮಧ್ಯಾಹ್ನದಿಂದ ಒಮ್ಮಿನೂ ಬಂದ್ ಆಗಿರಲಿಲ್ಲ. ಇಂಡೆಕ್ಸ್ ಅಳಿಸಿದ್ದು ಸಂಜಿಗೆ. ಅಳಿಸಿದವರು ಮಷೀನು ಒಣಗಿಸದಾ ವೇಗ ಅಳತಿ ಮಾಡ್ಯಾರ. ಮೊದಲ ನಾಲ್ಕು ಸಲ, ಆಮ್ಯಾಲ ನಾಲ್ಕು ಸಲ. ಒಂದು ನೆನೆಯಾಕ, ಮೂರು ಬರಿಯಾಕ. ಜಗದೇವಪ್ಪನವ್ರ, ಈಗ ನೀವು ಎಷ್ಟು ಸಲ ಕೇಳಿದ್ರಿ?"

ಜಗದೇವಪ್ಪ ಬರೆದುಕೊಂಡ ಚೀಟಿಯನ್ನು ಮಡಚಿದರು.

"ಇನ್ನೊಂದು ಮಾತು," ಮಲ್ಲಿಕಮ್ಮ ಬಿಡಲಿಲ್ಲ. "ಇಂಡೆಕ್ಸ್ ಬಹಳ ಅದಾವ. ಅದರಾಗ ಯಾವುದರ ಮ್ಯಾಲ ಇಡೀ ಮನಿ ನಿಂತದೋ ಅದನ್ನಾ ತೆಗದಾರ. ಖಂಡಪ್ಪನವರಿಗೆ ಅದು ತಿಳಿಯೋ ಮಾತಲ್ಲ. ಪಾಸ್‌ವರ್ಡು ನಿಮಗ ಕಷ್ಟ ಆಗಿರಲಿಕ್ಕಿಲ್ಲ. ದಿನಾ ಮಗ್ಗಲ ಮೇಜಿನಾಗ ಕೂತು ಆಕಿ ಬೆರಳು ನೋಡೀರಿ."

ಜಗದೇವಪ್ಪ ಆ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಈ ಸಲ ಸೋತ್ರ ಕಂಪನಿಯವರು ನನ್ನ ತೆಗೀತಿದ್ರು. ಅಳಿಸಿ ಹೋಗಬೇಕಂತಾ ಬಂದಿದ್ನಿ."

"ಅಳಿಸಿ ಸುಮ್ನ ಹೋಗಿದ್ರ ನಿಮ್ಮನ್ನ ಹಿಡಿಯೋದು ನನ್ನಿಂದ ಆಗ್ತಿರಲಿಲ್ಲ. ಯಾಕ ಅಳತಿ ಮಾಡಿದ್ರಿ?"

ಅವರು ಖುರ್ಷೀದಬೇಗಂ ಕಡೆ ನೋಡಿದರು. "ಒಳಗ ಹೊಕ್ಕು ನೋಡಿದ್ರ ದಂಗಾದ್ನಿ. ಅಷ್ಟು ಚಂದ ಕೂಡಿಸ್ಯಾರ. ನನ್ನ ಕೈಲೆ ಆಗೋದಲ್ಲ. ಅದೊಂದು ತೆಗದ್ರ ಎಷ್ಟು ಬೀಳ್ತದ ಅಂತ ನೋಡದಾ ಕೈ ಕೇಳಲಿಲ್ರಿ."

\*\*\*

ಇಂಡೆಕ್ಸ್ ಮತ್ತೆ ಕಟ್ಟಲು ಹೊತ್ತು ಹಿಡಿಯಿತು. ಸಮಿತಿಯವರು ಕಾಯಬೇಕಾಯಿತು. ಮಷೀನು ಬಂದ್ ಮಾಡಿ, ಚಾಲೂ ಮಾಡಿ, ಖುರ್ಷೀದಬೇಗಂ ಒಂದೇ ಒಂದು ಸಲ ಕೇಳಿದರು: ಕೆಂಭಾವಿ ಕಡೆಯ ಕಟ್ಟಕಡೆಯ ತೂಬಿನಲ್ಲಿ ಮುಂದಿನ ಪಾಳಿ ಯಾರದು? ಸಮಿತಿಯ ಹಿರಿಯರು ಕನ್ನಡಕ ಏರಿಸುವಷ್ಟರಲ್ಲಿ ಹೆಸರು ಬಂದಿತ್ತು. ಕೆಲಸ ಖುರ್ಷೀದಬೇಗಂ ಅವರಿಗೇ ಸಿಕ್ಕಿತು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಜೀಪು ಹೊರಡುವುದರಲ್ಲಿತ್ತು. ಹಿಂದಿನ ಸೀಟಿನಲ್ಲಿ ಪೇದೆಯ ಪಕ್ಕ ಜಗದೇವಪ್ಪ. ಖುರ್ಷೀದಬೇಗಂ ಮೆಟ್ಟಿಲಿಳಿದು ಬಂದರು. ಬೈಯುತ್ತಾರೆಂದು ನಾನು ಪೆನ್ನು ತೆಗೆದೆ.

ಜಗದೇವಪ್ಪನೇ ಮೊದಲು ಕೇಳಿದರು. "ಎಷ್ಟು ಬಂತ್ರಿ?"

"ಎರಡು ಸೆಕೆಂಡ್."

"ಒಣಗಿದ್ದಾಗ?"

"ಒಣಗಿದ್ದಾಗಾ."

ಅವರು ತಲೆದೂಗಿದರು. "ನಂದು ನೆನದ ಮ್ಯಾಲೂ ಅಷ್ಟು ಬರ್ತಿರಲಿಲ್ರಿ."

ಮಲ್ಲಿಕಮ್ಮ ಹೊರಡು ಎಂದರು. ಜೀಪು ಹೊರಟಿತು.